ರೋಲ್ ಪ್ಲೇ ಅಂದರೆ ಬರೀ ಪ್ರಶ್ನೆಗಳ ಸುರಿಮಳೆ: ಆಪ್ತಸಮಾಲೋಚನೆ ಪ್ರಾಕ್ಟಿಕಲ್ ಹೇಗೆ ನಡೆಸುವುದು?

ಬಿಳಿಹಲಗೆ:
ಎಂ.ಎಸ್ಸಿ. ಮನಃಶಾಸ್ತ್ರ, ಎರಡನೇ ಸೆಮಿಸ್ಟರ್. 24 ವಿದ್ಯಾರ್ಥಿಗಳು, ವಾರಕ್ಕೊಮ್ಮೆ 2 ಗಂಟೆ ಪ್ರಾಕ್ಟಿಕಲ್. ಥಿಯರಿಯಲ್ಲಿ ಸಹಾನುಭೂತಿ, ಪ್ರತಿಫಲನ (ಎದುರಿನವರ ಮಾತನ್ನೂ ಭಾವವನ್ನೂ ಅವರಿಗೇ ಮರಳಿಸಿ ಹೇಳುವುದು), ತೆರೆದ ಪ್ರಶ್ನೆ (ಹೌದು-ಇಲ್ಲದಲ್ಲಿ ಮುಗಿಯದ್ದು) ಎಲ್ಲವನ್ನೂ ಚೆನ್ನಾಗಿ ಬರೆಯುತ್ತಾರೆ. ಎದುರುಬದುರು ಕೂರಿಸಿದರೆ ಮಾತ್ರ ಪೊಲೀಸ್ ವಿಚಾರಣೆ: ‘ಯಾವಾಗಿಂದ? ಯಾರ್ ಜೊತೆ? ಮನೇಲಿ ಹೇಳಿದ್ರಾ?’ ಐದನೇ ನಿಮಿಷಕ್ಕೆ ಸಲಹೆ ಶುರು. ಇಬ್ಬರು ಮುಂದೆ ಕೂತು ಮಾಡುತ್ತಾರೆ, ಉಳಿದ 22 ಮಂದಿ ನೋಡುತ್ತಾರೆ. ಅಭಿಪ್ರಾಯ ಕೇಳಿದರೆ ‘ಚೆನ್ನಾಗಿತ್ತು ಮೇಡಂ’. ಪ್ರಾಕ್ಟಿಕಲ್ ಅನ್ನು ಬೇರೆ ಹೇಗೆ ಜೋಡಿಸಬಹುದು?

ಮೂರನೇ ಕುರ್ಚಿ:
ಮೊದಲು ಆ 22 ಮಂದಿಯನ್ನು ಎಬ್ಬಿಸಿ. ಮೂವರ ಗುಂಪು ಮಾಡಿದರೆ 8 ಗುಂಪು: ಒಬ್ಬರು ಸಮಾಲೋಚಕರು, ಒಬ್ಬರು ಕ್ಲೈಂಟ್, ಒಬ್ಬರು ವೀಕ್ಷಕರು. ಒಂದು ಸುತ್ತು ಹೀಗೆ: 8 ನಿಮಿಷ ಮಾತು, 2 ನಿಮಿಷ ಮೂವರೂ ಮೌನವಾಗಿ ಬರೆದುಕೊಳ್ಳುವುದು, 5 ನಿಮಿಷ ಹಿಮ್ಮಾಹಿತಿ (ಫೀಡ್‌ಬ್ಯಾಕ್), ಕೊನೆಗೆ 3 ನಿಮಿಷ ಅದೇ ಜಾಗದಿಂದ ಮತ್ತೆ ಮಾತು. ಸುತ್ತಿಗೆ 18 ನಿಮಿಷ, ಕುರ್ಚಿ ಬದಲಿಸುವ ಗಲಾಟೆ ಸೇರಿ 20. ಒಂದು ಗಂಟೆಯಲ್ಲಿ ಎಲ್ಲರೂ ಮೂರೂ ಕುರ್ಚಿಯಲ್ಲಿ ಕೂತಿರುತ್ತಾರೆ.

ಸಮಯ ಸಾಲದೆ ಹೋದಾಗ ಎಲ್ಲರೂ ಕತ್ತರಿಸುವುದು ಆ ಕೊನೆಯ 3 ನಿಮಿಷವನ್ನೇ. ಬೇಕಾದರೆ ಮೊದಲ ಮಾತನ್ನು 6 ನಿಮಿಷಕ್ಕೆ ಇಳಿಸಿ, ಆ 3 ನಿಮಿಷವನ್ನು ಮಾತ್ರ ಮುಟ್ಟಬೇಡಿ. ತಪ್ಪು ಏನೆಂದು ತಿಳಿದ ಕೂಡಲೇ ತಿದ್ದಿ ಆಡದಿದ್ದರೆ ಹಿಮ್ಮಾಹಿತಿ ಬರೀ ನೋಟ್ಸ್ ಆಗಿ ಉಳಿಯುತ್ತದೆ.

ವಾರಕ್ಕೆ ಒಂದೇ ಕೌಶಲ ಇಟ್ಟುಕೊಳ್ಳಿ. 1968ರಲ್ಲಿ ಅಲೆನ್ ಐವಿ ಮತ್ತು ಜೊತೆಗಾರರು ಮೈಕ್ರೋಕೌನ್ಸೆಲಿಂಗ್ ಪರಿಚಯಿಸಿದ್ದು ಇದೇ ಲೆಕ್ಕದಲ್ಲಿ: ಚಿಕ್ಕ ರೆಕಾರ್ಡಿಂಗ್, ಒಂದೇ ಕೌಶಲ, ಮಾದರಿ ನೋಡುವುದು, ಮತ್ತೆ ಮಾಡುವುದು. ಪ್ರತಿಫಲನದ ವಾರ ಬಂದಾಗ ಪ್ರಶ್ನೆಯನ್ನೇ ನಿಷೇಧಿಸಿ. ಮೊದಲ ಸುತ್ತಿನಲ್ಲಿ ಒದ್ದಾಡುತ್ತಾರೆ, ಒದ್ದಾಡಲಿ.

ವೀಕ್ಷಕರ ಹಾಳೆಯಲ್ಲಿ ‘ಹೇಗಿತ್ತು’ ಎಂಬ ಕಾಲಂ ಇರಲೇಬಾರದು. ನಾಲ್ಕು ಮನೆ ಸಾಕು: ಮುಚ್ಚಿದ ಪ್ರಶ್ನೆ, ತೆರೆದ ಪ್ರಶ್ನೆ, ಪ್ರತಿಫಲನ, ಸಲಹೆ. ಒಂದೊಂದು ಮಾತಿಗೂ ಒಂದು ಗೀಟು. ಕೆಳಗೆ ಸಮಾಲೋಚಕರು ಆಡಿದ ಎರಡು ವಾಕ್ಯ, ಇದ್ದದ್ದು ಇದ್ದ ಹಾಗೆ. ಹಿಮ್ಮಾಹಿತಿಯಲ್ಲಿ ಮೊದಲು ಸಮಾಲೋಚಕರು ಮಾತಾಡಲಿ, ಆಮೇಲೆ ಕ್ಲೈಂಟ್, ಕೊನೆಗೆ ವೀಕ್ಷಕರು. ತಿರುಗುಮುರುಗಾದರೆ ಸಮಾಲೋಚಕರು ಸಮರ್ಥನೆಗೆ ಇಳಿಯುತ್ತಾರೆ.

ಗೀಟುಗಾರ:
ಮೇಲಿನ ವ್ಯವಸ್ಥೆಗೆ ನನ್ನ ಒಪ್ಪಿಗೆ ಇದೆ. ಆದರೆ ಕಾಯಿಲೆಯ ಅರ್ಧ ಬೇರು ಭಾಷೆಯಲ್ಲಿದೆ. ಪಠ್ಯಪುಸ್ತಕದ ಸೂತ್ರ ಇಂಗ್ಲಿಷಿನದು, ಮಕ್ಕಳು ಅದನ್ನು ಹಾಗೇ ಎತ್ತಿ ಕನ್ನಡಕ್ಕೆ ಇಡುತ್ತಾರೆ: ‘ನಿಮಗೆ ಬೇಜಾರು ಅನ್ನಿಸ್ತಿದೆ, ಯಾಕಂದ್ರೆ ನಿಮ್ಮಣ್ಣ...’ ಹೀಗೆ ಯಾರೂ ಮಾತಾಡುವುದಿಲ್ಲ. ಕನ್ನಡದಲ್ಲಿ ಕಾರಣ ಮೊದಲು, ಭಾವ ಕೊನೆಗೆ. ‘ಎಲ್ಲರ ಮುಂದೆ ಹಾಗಂದಿದ್ದಕ್ಕೆ ಅವಮಾನ ಆಯ್ತು.’ ಅಲ್ಲಿಗೆ ನಿಲ್ಲಿಸಬೇಕು.

ಒಂದು ತುಣುಕು ನೋಡಿ. ಕ್ಲೈಂಟ್ ಹೇಳುತ್ತಾರೆ: ‘ಅಣ್ಣ ವಾಪಸ್ ಬಂದ್ಮೇಲೆ ಮನೇಲಿ ಎಲ್ಲ ಸರಿಹೋಯ್ತು ಅಂತಾರೆ. ನಂಗೆ ಮಾತ್ರ ಊಟಕ್ಕೂ ರೂಮಿಂದ ಹೊರಗೆ ಬರೋಕೆ ಮನಸ್ಸಾಗಲ್ಲ.’

‘ಅಣ್ಣನ ಜೊತೆ ಜಗಳ ಆಯ್ತಾ?’ ಇದು ಮುಚ್ಚಿದ ಪ್ರಶ್ನೆ. ‘ಇಲ್ಲ’ ಎಂದರೆ ಮಾತು ಮುಗಿಯಿತು.
‘ನಿಮಗೆ ಬೇಜಾರಾಗಿದೆ, ಅಲ್ವಾ?’ ಪ್ರತಿಫಲನದ ವೇಷ, ಒಳಗೆ ಪ್ರಶ್ನೆಯೇ. ಆ ‘ಅಲ್ವಾ’ ಇಡೀ ವಾಕ್ಯವನ್ನು ಹೌದು-ಇಲ್ಲಕ್ಕೆ ತಂದು ನಿಲ್ಲಿಸುತ್ತದೆ.
‘ಅವರಿಗೆಲ್ಲ ಸರಿಹೋಗಿದೆ. ನೀವೊಬ್ಬರೇ ಹೊರಗುಳಿದ ಹಾಗಾಗಿದೆ.’ ಇದು ಪ್ರತಿಫಲನ. ದನಿ ಕೊನೆಯಲ್ಲಿ ಇಳಿಯಬೇಕು. ಏರಿದರೆ ಇದೂ ಪ್ರಶ್ನೆಯಾಗುತ್ತದೆ.

ಇನ್ನೊಂದು ಕಾಟ ‘ಬೇಜಾರು’. ದುಃಖ, ಸಿಟ್ಟು, ಒಂಟಿತನ, ದಣಿವು, ಮಾಡಲು ಕೆಲಸವಿಲ್ಲದ ಬೇಸರ, ಎಲ್ಲಕ್ಕೂ ಅದೊಂದೇ ಚೀಲ. ಒಂದು ವಾರ ಆ ಪದವನ್ನು ಬಳಸುವ ಹಾಗಿಲ್ಲ ಅನ್ನಿ. ಕಸಿವಿಸಿ, ಸಂಕಟ, ಅಳುಕು, ನಾಚಿಕೆ, ಹೊಟ್ಟೆಕಿಚ್ಚು, ಪೆಚ್ಚು ಎಲ್ಲ ಹೊರಗೆ ಬರುತ್ತವೆ. ಕ್ಲೈಂಟ್ ‘ಎದೆ ಭಾರ’ ಅಂದರೆ ಅದನ್ನು ‘ಖಿನ್ನತೆ’ ಎಂದು ತಿದ್ದದೆ ‘ಎದೆ ಭಾರ’ ಎಂದೇ ಹಿಡಿದುಕೊಳ್ಳಲಿ.

ರೆಕಾರ್ಡ್ ಮಾಡಿ 5 ನಿಮಿಷದಷ್ಟನ್ನು ಮಾತ್ರ ಅಕ್ಷರಶಃ ಬರೆಸಿ. ಹೊಸಬರಿಗೆ ಅಷ್ಟಕ್ಕೇ ಅರ್ಧ ಗಂಟೆಯ ಮೇಲೆ ಹಿಡಿಯುತ್ತದೆ, ಪೂರ್ತಿ ಬರೆಯಿರಿ ಅಂದರೆ ಕಾಪಿ ಹೊಡೆಯುತ್ತಾರೆ. 3 ಸೆಕೆಂಡ್ ದಾಟಿದ ಮೌನಗಳನ್ನೂ ಗುರುತಿಸಲಿ. ಪಕ್ಕದಲ್ಲಿ ‘ಇಲ್ಲಿ ಏನು ಹೇಳಬಹುದಿತ್ತು’ ಎಂದು ಇನ್ನೊಂದು ಕಾಲಂ. ಪ್ರತಿಫಲನ ಮತ್ತು ಪ್ರಶ್ನೆಗಳ ಅನುಪಾತ ಹಾಕಿಸಿ. ಬದಲಾವಣೆಯ ಕಾರಣವನ್ನು ಕ್ಲೈಂಟ್ ಬಾಯಿಂದಲೇ ಹೊರಡಿಸುವ ಸಮಾಲೋಚನಾ ವಿಧಾನವಾದ ಮೋಟಿವೇಷನಲ್ ಇಂಟರ್‌ವ್ಯೂಯಿಂಗ್‌ನ ಎಂಐಟಿಐ ಮಾಪನದಲ್ಲಿ (ಸಮಾಲೋಚಕರ ಕೌಶಲ ಅಳೆಯುವ ಪಟ್ಟಿ) 1:1 ಇದ್ದರೆ ಸುಮಾರು, 2:1 ಇದ್ದರೆ ಒಳ್ಳೆಯದು. ಪೊಲೀಸ್ ವಿಚಾರಣೆಯಲ್ಲಿ 1:8, 1:10 ಬಂದರೆ ಅಚ್ಚರಿಪಡಬೇಡಿ.

ಎಣಿಸಲೇಬೇಕು ಅನ್ನುವುದಕ್ಕೆ ಕಾರಣವಿದೆ. 2004ರಲ್ಲಿ ವಿಲಿಯಂ ಮಿಲ್ಲರ್ ತಂಡ ಪರವಾನಗಿ ಇರುವ 140 ವೃತ್ತಿಪರರ ಮೇಲೆ ನಡೆಸಿದ ಪ್ರಯೋಗದಲ್ಲಿ, ತಮ್ಮ ಕೌಶಲದ ಬಗ್ಗೆ ಅವರು ಹೇಳಿಕೊಂಡಿದ್ದಕ್ಕೂ ರೆಕಾರ್ಡಿಂಗ್‌ನಲ್ಲಿ ಕಂಡದ್ದಕ್ಕೂ ಸಂಬಂಧವೇ ಇರಲಿಲ್ಲ. ತರಬೇತಿ ಕಾರ್ಯಾಗಾರದ ಜೊತೆಗೆ ಹಿಮ್ಮಾಹಿತಿಯೋ ಕೋಚಿಂಗೋ ಸಿಕ್ಕವರ ಕೌಶಲ ಇನ್ನಷ್ಟು ಏರಿತ್ತು. ‘ಚೆನ್ನಾಗಿತ್ತು ಮೇಡಂ’ ಅನ್ನುವ ಫೀಡ್‌ಬ್ಯಾಕ್ ಫಾರಂ ತೂಕ ಅಷ್ಟೇ.

ಅರೆತೆರೆದ ಬಾಗಿಲು:
ಕ್ಲೈಂಟ್ ಕುರ್ಚಿಯ ಬಗ್ಗೆ ಯಾರೂ ಹೇಳಲಿಲ್ಲ. ಅತಿ ಹೆಚ್ಚು ಹದಗೆಡುವುದು ಅಲ್ಲೇ. ‘ಏನಾದರೂ ಸಮಸ್ಯೆ ಹೇಳಿ’ ಎಂದು ಬಿಟ್ಟರೆ ಒಂದೋ ಧಾರಾವಾಹಿ ಕಥೆ ಹುಟ್ಟುತ್ತದೆ, ಇಲ್ಲ ಯಾರೋ ತಮ್ಮ ನಿಜವಾದ ಆಘಾತವನ್ನು ತೆರೆದು ತರಗತಿಯ ನಡುವೆ ಕುಸಿಯುತ್ತಾರೆ.

ನಿಜವಾದದ್ದೇ ಇರಲಿ, ಆದರೆ 10ಕ್ಕೆ 3ರಷ್ಟು ತೀವ್ರತೆಯದು: ಮುಂದೂಡುತ್ತಿರುವ ಕೆಲಸ, ಗೆಳತಿಗೆ ಕೊಡದೆ ಉಳಿದ ಉತ್ತರ. 4ಕ್ಕಿಂತ ಮೇಲಿನದು ಬೇಡ. ಯಾರೇ ‘ನಿಲ್ಲಿಸಿ’ ಅಂದರೂ ಕಾರಣ ಕೇಳದೆ ನಿಲ್ಲಬೇಕು. ತಮ್ಮದನ್ನು ಹೇಳಲು ಇಷ್ಟವಿಲ್ಲದವರಿಗೆ ಮೂರು ಸಾಲಿನ ಚೀಟಿ ಕೊಡಿ: ಮೊದಲು ಆಡುವ ಮಾತು, ಮುಚ್ಚಿಟ್ಟುಕೊಂಡಿರುವುದು, ಎಂಥ ಮಾತು ಕೇಳಿದರೆ ಅದನ್ನು ಹೊರಗೆ ಬಿಡುತ್ತಾರೆ ಎನ್ನುವುದು. ಮೂರನೇ ಸಾಲು ಇಲ್ಲದಿದ್ದರೆ ಕ್ಲೈಂಟ್ ಕರುಣೆ ತೋರಿ ಎಲ್ಲವನ್ನೂ ತಾನೇ ಒಪ್ಪಿಸಿಬಿಡುತ್ತಾರೆ.

ಸಹಪಾಠಿಗಳಾದ್ದರಿಂದ ‘ಏನೋ, ಹೇಳೋ’ ನುಸುಳುತ್ತದೆ. ಕುರ್ಚಿಯಲ್ಲಿ ಕೂತ ಮೇಲೆ ಇಬ್ಬರೂ ‘ನೀವು’. ರೆಕಾರ್ಡಿಂಗ್‌ಗೆ ಬರಹದಲ್ಲಿ ಒಪ್ಪಿಗೆ, ಅಳಿಸುವ ದಿನಾಂಕ ಅದರಲ್ಲೇ ನಮೂದು. ಕ್ಲಾಸ್ ವಾಟ್ಸಾಪ್ ಗುಂಪಿಗೆ ಒಂದೂ ಹೋಗಬಾರದು.

ಬಿಳಿಹಲಗೆ:
ಬಹಳ ಉಪಯೋಗವಾಯಿತು. ‘ಅಲ್ವಾ’ ಹೊಳೆದೇ ಇರಲಿಲ್ಲ. ಒಂದು ಅನುಮಾನ: ಅಂಕ ಕೊಡುವಾಗ ನಾನು ಪ್ರತಿಫಲನ ಅಂದದ್ದನ್ನು ಇನ್ನೊಬ್ಬ ಅಧ್ಯಾಪಕರು ಪ್ರಶ್ನೆ ಅಂದರೆ? ಶೇ 80 ಹೊಂದಿಕೆ ಬಂದರೆ ಸಾಕೇ?

ಗೀಟುಗಾರ:
ಸಾಲದು ಮೇಡಂ. 50 ಮಾತುಗಳನ್ನು ಇಬ್ಬರೂ ಬೇರೆಬೇರೆಯಾಗಿ ಗುರುತಿಸಿದಿರಿ ಅನ್ನಿ. ಇಬ್ಬರೂ ತಲಾ 10ನ್ನು ಪ್ರತಿಫಲನ ಅಂದಿರಿ, ಆದರೆ ಎರಡೂ ಪಟ್ಟಿಯಲ್ಲಿ ಇರುವುದು 5 ಮಾತ್ರ. 35ನ್ನು ಇಬ್ಬರೂ ‘ಅಲ್ಲ’ ಅಂದಿರಿ. 50ಕ್ಕೆ 40, ಶೇ 80. ಆದರೆ ಕಣ್ಣುಮುಚ್ಚಿ ಗೀಟು ಹಾಕಿದ್ದರೂ ಆಕಸ್ಮಿಕವಾಗಿ 0.2×0.2 + 0.8×0.8 = 0.68 ಹೊಂದುತ್ತಿತ್ತು. ಆ ಆಕಸ್ಮಿಕದ ಪಾಲನ್ನು ಕಳೆದು ಹೊಂದಿಕೆ ಅಳೆಯುವ ಕೋಹೆನ್‌ರ ಕಪ್ಪಾ (0.80−0.68)÷0.32, ಅಂದರೆ 0.375. ಇಷ್ಟರ ಮೇಲೆ ಅಂಕ ಕೊಡಲು ಧೈರ್ಯ ಸಾಲದು.

ಅಂಕದ ವಾರಕ್ಕೆ ಮೊದಲು ಮೂರು ರೆಕಾರ್ಡಿಂಗ್ ಇಬ್ಬರೂ ಗುರುತಿಸಿ, ಹೊಂದದ ಮಾತುಗಳನ್ನು ಎದುರಿಗಿಟ್ಟುಕೊಂಡು ನಿಯಮ ಬರೆಯಿರಿ. ‘ಕೊನೆಯಲ್ಲಿ ಅಲ್ವಾ, ತಾನೇ ಇದ್ದರೆ ಪ್ರಶ್ನೆ’ ಎಂಬುದೇ ಮೊದಲನೇ ನಿಯಮವಾಗಲಿ, ಜಗಳದ ಬಹುಪಾಲು ಅಲ್ಲೇ ಹರಿಯುತ್ತದೆ. ಬರೀ ಬರಹ ನೋಡಿ ಗುರುತಿಸಬೇಡಿ. ದನಿ ಏರಿತೋ ಇಳಿಯಿತೋ ಕಾಗದದಲ್ಲಿ ಕೇಳಿಸುವುದಿಲ್ಲ.