ಆಕ್ಯುರಸಿಯೂ ನಿಖರತೆ, ಪ್ರಿಸಿಷನ್ನೂ ನಿಖರತೆ: ಬೇರೆ ಮಾಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಪದವಿ ಮೊದಲ ವರ್ಷದ ಫಿಸಿಕ್ಸ್ ಲ್ಯಾಬಿಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಅಳತೆಯ ಅಧ್ಯಾಯದಲ್ಲಿ ಪದಗಳು ಕೈಕೊಡುತ್ತಿವೆ. ನಿಘಂಟು ತೆಗೆದರೆ ಆಕ್ಯುರಸಿಗೂ ನಿಖರತೆ, ಪ್ರಿಸಿಷನ್‌ಗೂ ನಿಖರತೆ. ಲ್ಯಾಬಿನಲ್ಲಿ ಅಳತೆ ನಿಜ ಬೆಲೆಗೆ ಹತ್ತಿರ ಇರುವುದು ಆಕ್ಯುರಸಿ, ಮತ್ತೆ ಮತ್ತೆ ಅಳೆದಾಗ ರೀಡಿಂಗುಗಳು ಒಂದಕ್ಕೊಂದು ಹತ್ತಿರ ಬರುವುದು ಪ್ರಿಸಿಷನ್. ಇವೆರಡೂ ಒಂದೇ ಅಲ್ಲ, ಒಂದೇ ಅಂದುಕೊಂಡರೆ ಪ್ರಯೋಗವೇ ಕೆಡುತ್ತದೆ.

ಒಂದು ತಂತಿಯ ದಪ್ಪವನ್ನು ಸ್ಕ್ರೂ ಗೇಜಿನಲ್ಲಿ ನಾಲ್ಕು ಸಲ ಅಳೆಯುತ್ತೇವೆ ಅಂದುಕೊಳ್ಳಿ. 0.46, 0.45, 0.46, 0.46 ಮಿಮೀ ಬಂತು. ಎಷ್ಟು ಚೆನ್ನಾಗಿ ಹೊಂದುತ್ತಿವೆ, ಅಲ್ವಾ? ಆದರೆ ತಂತಿ ತೆಗೆದು ಗೇಜನ್ನು ಪೂರ್ತಿ ಮುಚ್ಚಿದಾಗ ಅದು ಸೊನ್ನೆಯ ಬದಲು 0.03 ತೋರಿಸುತ್ತಿದೆ. ಅಂದರೆ ತಂತಿಯ ದಪ್ಪ ಇರುವುದು 0.43. ಇದೇ ದಪ್ಪದಿಂದ ತಂತಿಯ ರೆಸಿಸ್ಟಿವಿಟಿ (ಅದರ ಲೋಹ ವಿದ್ಯುತ್ತನ್ನು ಎಷ್ಟು ತಡೆಯುತ್ತದೆ ಎಂಬುದು) ಲೆಕ್ಕ ಹಾಕುವಾಗ ದಪ್ಪದ ವರ್ಗ ಬರುತ್ತದೆ, ಹಾಗಾಗಿ ದಪ್ಪದಲ್ಲಿ ಶೇ. 7ರಷ್ಟಿದ್ದ ತಪ್ಪು ಕೊನೆಯ ಉತ್ತರದಲ್ಲಿ ಶೇ. 14 ಆಗುತ್ತದೆ. ಇನ್ನೂ ನೂರು ಸಲ ಅಳೆದು ಸರಾಸರಿ ತೆಗೆದರೂ ಆ 0.03 ಅಲ್ಲಾಡುವುದಿಲ್ಲ. ಲೋಲಕದ ಪ್ರಯೋಗದಲ್ಲಿ ಸ್ಟಾಪ್‌ವಾಚ್ ಒತ್ತುವ ಬೆರಳು ಒಮ್ಮೆ ಬೇಗ, ಒಮ್ಮೆ ತಡ ಆಗುತ್ತದಲ್ಲ, ಅದು ಬೇರೆ ಬಗೆ. ಅಲ್ಲಿ ನಾಲ್ಕು ಪಟ್ಟು ಹೆಚ್ಚು ಸಲ ಅಳೆದರೆ ಸರಾಸರಿಯ ಏರುಪೇರು ಅರ್ಧಕ್ಕೆ ಇಳಿಯುತ್ತದೆ.

ದೊಡ್ಡವರಿಗೂ ಇದು ತಪ್ಪಿದ್ದಲ್ಲ. ಅಮೆರಿಕದ ಭೌತವಿಜ್ಞಾನಿ ಮಿಲಿಕನ್ 1913ರಲ್ಲಿ ಎಣ್ಣೆಹನಿಯ ಪ್ರಯೋಗದಿಂದ ಎಲೆಕ್ಟ್ರಾನಿನ ಚಾರ್ಜ್ ಪ್ರಕಟಿಸಿದಾಗ ಶೇ. 0.2ರಷ್ಟು ಮಾತ್ರ ಆಚೀಚೆ ಇರಬಹುದು ಎಂದಿದ್ದರು. ನಿಜವಾದ ಬೆಲೆಯಿಂದ ಅದು ಶೇ. 0.6ರಷ್ಟು ಕಡಿಮೆ ಇತ್ತು. ಹನಿಗಳ ಅಳತೆ ಒಂದಕ್ಕೊಂದು ಹೊಂದುತ್ತಿತ್ತು, ಲೆಕ್ಕಕ್ಕೆ ತೆಗೆದುಕೊಂಡ ಗಾಳಿಯ ಸ್ನಿಗ್ಧತೆಯ (ಹನಿಯ ಚಲನೆಗೆ ಅಡ್ಡಿಯಾಗುವ ಗುಣದ) ಬೆಲೆಯೇ ಸ್ವಲ್ಪ ಕಡಿಮೆ ಇತ್ತು. ಇದನ್ನು ನಿಖರ ಅನ್ನೋಣವೇ, ಬೇಡವೇ?

ಪಠ್ಯಗಳಲ್ಲಿ ಇರುವ ‘ವ್ಯವಸ್ಥಿತ ದೋಷ’ (ಗೇಜಿನ 0.03ರಂಥದ್ದು), ‘ಯಾದೃಚ್ಛಿಕ ದೋಷ’ (ಬೆರಳಿನ ಬೇಗ-ತಡದಂಥದ್ದು) ನನಗೆ ಒಗ್ಗುತ್ತಿಲ್ಲ. ವ್ಯವಸ್ಥಿತ ಅಂದರೆ ನಮ್ಮ ಕಿವಿಗೆ ಅಚ್ಚುಕಟ್ಟು ಎಂದೇ ಕೇಳುತ್ತದೆ, ಅಚ್ಚುಕಟ್ಟಾದ ದೋಷ ಅಂದರೆ ಏನು ಅರ್ಥ? ಇನ್ನು ದೋಷ ಅಂದ ಕೂಡಲೇ ವಿದ್ಯಾರ್ಥಿ ತಾನೇನೋ ತಪ್ಪು ಮಾಡಿದೆ ಅಂದುಕೊಂಡು, ಹೊಂದದ ರೀಡಿಂಗನ್ನು ಸುಮ್ನೆ ಹೊಡೆದುಹಾಕಿಬಿಡುತ್ತಾನೆ. ಇದು ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆಯ ವಿಷಯ. ಲ್ಯಾಬ್ ಇರುವುದೇ ಕಂಡದ್ದನ್ನು ಕಂಡ ಹಾಗೆ ಬರೆಯುವುದನ್ನು ಕಲಿಸಲು.

ಹಾಗಾಗಿ ನಾನು ಹೀಗೆ ಬರೆದು ನೋಡುತ್ತಿದ್ದೇನೆ. ಎಲ್ಲ ರೀಡಿಂಗೂ ಒಂದೇ ಕಡೆಗೆ ಸರಿದಿದ್ದರೆ ‘ವಾಲಿಕೆ’. ಸುತ್ತಮುತ್ತ ಹರಡಿದ್ದರೆ ‘ಚದುರಿಕೆ’. ವಾಲಿಕೆಯನ್ನು ಹುಡುಕಿ ತೆಗೆಯಬೇಕು, ಚದುರಿಕೆಯನ್ನು ಸರಾಸರಿಯಿಂದ ತಗ್ಗಿಸಬೇಕು. ಎರಡೂ ಕಡಿಮೆ ಇದ್ದರೆ ಮಾತ್ರ ‘ನಿಖರ’. ಐಎಸ್‌ಒ 5725 ಎಂಬ ಅಂತರರಾಷ್ಟ್ರೀಯ ಮಾನದಂಡವೂ 1994ರಿಂದ ಆಕ್ಯುರಸಿಯನ್ನು ಹೀಗೇ ಎರಡೂ ಸೇರಿದ ಗುಣ ಎಂದು ಹಿಡಿದು, ಹಲವು ಅಳತೆಗಳ ಸರಾಸರಿ ನಿಜ ಬೆಲೆಗೆ ಹತ್ತಿರ ಇರುವುದಕ್ಕೆ ಟ್ರೂನೆಸ್ ಎಂಬ ಬೇರೆ ಪದ ಇಟ್ಟುಕೊಂಡಿದೆ.

ಅನ್‌ಸರ್ಟನ್ಟಿಗೆ (ಅಳತೆ ಎಷ್ಟು ಆಚೀಚೆ ಇರಬಹುದು ಎಂಬುದಕ್ಕೆ) ‘ಅನಿಶ್ಚಿತತೆ’ಗಿಂತ ‘ಹೆಚ್ಚುಕಮ್ಮಿ’ ಹೇಗೆ? ‘0.43 ಮಿಮೀ, ಹೆಚ್ಚುಕಮ್ಮಿ 0.01’ ಅಂದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ತೊಡಕು ಒಂದೇ, ‘ಸುಮಾರು’ ಎಂಬ ಅರ್ಥದಲ್ಲೂ ಆ ಪದ ಓಡಾಡುತ್ತದೆ. ಓದುವವರು ಅದನ್ನು ‘ಸುಮಾರು 0.01’ ಎಂದು ತಿಳಿಯಬಹುದೇ?

‘ವಾಲಿಕೆ’ ಎಂಬ ರೂಪ ನಿಮ್ಮ ಕಿವಿಗೆ ಸರಿ ಬರುತ್ತದೆಯೇ, ‘ವಾಲು’ ಸಾಕೇ? ತಕ್ಕಡಿ, ಅಳತೆಪಟ್ಟಿ, ರಸಮಟ್ಟ ಹಿಡಿದು ಕೆಲಸ ಮಾಡುವವರು ಉಪಕರಣ ಯಾವಾಗಲೂ ಒಂದೇ ಕಡೆಗೆ ತಪ್ಪು ತೋರಿಸಿದರೆ ಅದಕ್ಕೆ ಏನೆನ್ನುತ್ತಾರೆ? ಅಂಥ ಪದ ಬಳಕೆಯಲ್ಲಿ ಇದ್ದರೆ ನನ್ನದನ್ನು ಬಿಟ್ಟು ಅದನ್ನೇ ಹಾಕುತ್ತೇನೆ. ದಯವಿಟ್ಟು ವಾಕ್ಯದಲ್ಲಿ ಬಳಸಿ ತಿಳಿಸಿ.