ಸ್ಕ್ಯಾನ್ ಮಾಡಿ ತೆಗೆದರೂ ಮಾಲ್‌ವೇರ್ ಮತ್ತೆ ಬರುತ್ತಿದೆ: ಅನುಭವವಿದ್ದವರು ತಿಳಿಸಿ

ಪ್ರಶ್ನೆ: ಮನೆಯಲ್ಲಿ ಎರಡು ಕಂಪ್ಯೂಟರ್, ಮೂರು ಮೊಬೈಲ್, ಒಂದು ಪ್ರಿಂಟರ್ ಇವೆ. ಒಂದು ಕಂಪ್ಯೂಟರಿನಲ್ಲಿ ಏನನ್ನು ಹುಡುಕಿದರೂ ಬೇರೆ ಯಾವುದೋ ಪುಟ ತೆರೆದುಕೊಳ್ಳುತ್ತದೆ. ಎರಡು ಸಲ ಸ್ಕ್ಯಾನ್ ಮಾಡಿ ಮಾಲ್‌ವೇರ್ (ಕೇಡು ಮಾಡುವ ತಂತ್ರಾಂಶ) ತೆಗೆದೆ; ವಾರ ಕಳೆಯುವಷ್ಟರಲ್ಲಿ ಮತ್ತೆ ಅದೇ ಪಾಡು. ಎಲ್ಲವನ್ನೂ ಒಂದು ನೆಟ್‌ವರ್ಕ್‌ಗೆ ಸೇರಿಸಿ ಕಡತಗಳನ್ನು ಹಂಚಿಕೊಳ್ಳುವ ಆಸೆಯಿದೆ. ಎಲ್ಲಿಂದ ಶುರು ಮಾಡಲಿ?

ಉತ್ತರ 1: ನೆಟ್‌ವರ್ಕ್ ಮಾಡುವ ಯೋಚನೆಯನ್ನು ಸದ್ಯಕ್ಕೆ ಬದಿಗಿಡಿ. ಸೋಂಕು ತಗುಲಿದ ಯಂತ್ರದ ನೆಟ್‌ವರ್ಕ್ ಕೇಬಲ್ ಕಿತ್ತು, ವೈಫೈ ಆರಿಸಿ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಮಾಲ್‌ವೇರ್ ಹಬ್ಬಿದ್ದು ವಿಂಡೋಸ್‌ನ ಕಡತ ಹಂಚಿಕೆಯ ಹಳೆಯ ವ್ಯವಸ್ಥೆಯಲ್ಲಿದ್ದ ದೋಷದಿಂದ. ಯಾರೂ ಏನನ್ನೂ ಕ್ಲಿಕ್ ಮಾಡದೆ ಅದು ಒಂದು ಯಂತ್ರದಿಂದ ಇನ್ನೊಂದಕ್ಕೆ ದಾಟುತ್ತಿತ್ತು. ಮೈಕ್ರೋಸಾಫ್ಟ್ ಆ ದೋಷಕ್ಕೆ ಮಾರ್ಚ್‌ನಲ್ಲೇ ಅಪ್‌ಡೇಟ್ ಕೊಟ್ಟಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು.

ನನ್ನ ಕಥೆ ಹೇಳುತ್ತೇನೆ, ಏಕೆಂದರೆ ಇದರಲ್ಲಿ ನಾನು ಒಂದು ತಿಂಗಳು ಕಳೆದುಕೊಂಡೆ. ಮೂರು ಬಗೆಯ ಸ್ಕ್ಯಾನ್ ಮಾಡಿದ್ದೆ, ಮೂರೂ ‘ಏನೂ ಸಿಗಲಿಲ್ಲ’ ಎಂದವು. ಆದರೂ ಜೂಜಿನ ಪುಟವೊಂದು ತೆರೆದುಕೊಳ್ಳುತ್ತಲೇ ಇತ್ತು. ಒಂದು ರಾತ್ರಿ ಅಮ್ಮನ ಮೊಬೈಲಿನಲ್ಲೂ ಅದೇ ಪುಟ ಬಂತು. ವಿಂಡೋಸ್‌ನ ಮಾಲ್‌ವೇರ್ ಮೊಬೈಲಿಗೆ ಹೇಗೆ ಬಂದೀತು? ವೈಫೈ ಆರಿಸಿ ಮೊಬೈಲ್ ಡೇಟಾದಲ್ಲಿ ನೋಡಿದೆ, ಪುಟ ಮಾಯ. ಹಾಗಾದರೆ ದೋಷ ಮನೆಗೆ ವೈಫೈ ಕೊಡುವ ರೂಟರಿನಲ್ಲಿ.

ಬ್ರೌಸರಿನಲ್ಲಿ 192.168.1.1 ಎಂದು ಬರೆದು ಒಳಹೊಕ್ಕೆ (ನಿಮ್ಮ ರೂಟರಿನ ವಿಳಾಸ ಅದರ ಅಡಿಯ ಚೀಟಿಯಲ್ಲಿ ಇರುತ್ತದೆ). ಡಿಎನ್‌ಎಸ್ ಎಂಬಲ್ಲಿ ಗುರುತೇ ಇಲ್ಲದ ಎರಡು ಸಂಖ್ಯೆಗಳು ಕೂತಿದ್ದವು. ತಾಣದ ಹೆಸರು ಕೊಟ್ಟರೆ ಅದರ ವಿಳಾಸ ಹೇಳುವುದು ಡಿಎನ್‌ಎಸ್. ಅದೇ ಸುಳ್ಳು ಹೇಳತೊಡಗಿದರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ. ರೂಟರಿನ ಪಾಸ್‌ವರ್ಡ್ ಕಾರ್ಖಾನೆಯಿಂದ ಬಂದದ್ದೇ ಉಳಿದಿತ್ತು. ಹಿಂಬದಿಯ ಸಣ್ಣ ರಂಧ್ರಕ್ಕೆ ಪಿನ್ ತೂರಿಸಿ, ದೀಪಗಳೆಲ್ಲ ಆರಿ ಹೊತ್ತಿಕೊಳ್ಳುವವರೆಗೆ ಒತ್ತಿ ಹಿಡಿದು ಮೊದಲಿನ ಸ್ಥಿತಿಗೆ ತಂದೆ. ಹಾಗೆ ಮಾಡುವ ಮುನ್ನ ಇಂಟರ್‌ನೆಟ್ ಸಂಪರ್ಕದ ಬಳಕೆದಾರ ಹೆಸರು, ಪಾಸ್‌ವರ್ಡ್ ಬರೆದಿಟ್ಟುಕೊಳ್ಳಿ, ಅಳಿಸಿಹೋಗುತ್ತವೆ. ಆಮೇಲೆ ಪಾಸ್‌ವರ್ಡ್ ಬದಲಿಸಿ, ಫರ್ಮ್‌ವೇರ್ (ರೂಟರಿನೊಳಗಿನ ತಂತ್ರಾಂಶ) ಅಪ್‌ಡೇಟ್ ಮಾಡಿ, ಹೊರಗಿನಿಂದ ರೂಟರಿಗೆ ಪ್ರವೇಶ ಕೊಡುವ ಸೌಲಭ್ಯವನ್ನೂ ಡಬ್ಲ್ಯೂಪಿಎಸ್ಸನ್ನೂ (ಗುಂಡಿ ಒತ್ತಿ ಅಥವಾ ಪಿನ್ ಸಂಖ್ಯೆ ಕೊಟ್ಟು ವೈಫೈಗೆ ಸೇರುವ ಸೌಲಭ್ಯ) ನಿಲ್ಲಿಸಿದೆ. ವೈಫೈಗೆ ಡಬ್ಲ್ಯೂಪಿಎ3 ಎಂಬ ಭದ್ರತಾ ವಿಧಾನ, ಅದಿಲ್ಲದಿದ್ದರೆ ಡಬ್ಲ್ಯೂಪಿಎ2 ಇರಲಿ.

ಉತ್ತರ 2: ಮೇಲಿನವರು ಹೇಳಿದ ಮೊಬೈಲ್ ಪರೀಕ್ಷೆಯನ್ನು ಮೊದಲು ಮಾಡಿ. ಮೊಬೈಲಿನಲ್ಲಿ ತೊಂದರೆ ಇಲ್ಲವೆಂದಾದರೆ ಬ್ರೌಸರಿನ ಎಕ್ಸ್‌ಟೆನ್ಶನ್‌ಗಳ (ಬ್ರೌಸರಿಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶಗಳು) ಪಟ್ಟಿ ತೆರೆಯಿರಿ. ನಾನು ಒಂದನ್ನು ಅಳಿಸಿದಾಗಲೆಲ್ಲ ಅದು ಮರಳಿ ಬರುತ್ತಿತ್ತು. ತಂದು ಕೂರಿಸುತ್ತಿದ್ದದ್ದು, ಒಂದೇ ಖಾತೆಯ ಎಲ್ಲ ಯಂತ್ರಗಳನ್ನೂ ಒಂದೇ ರೀತಿ ಇಡುವ ಬ್ರೌಸರಿನ ಸಿಂಕ್! ಖಾತೆಯಲ್ಲಿ ಉಳಿದಿದ್ದ ಎಕ್ಸ್‌ಟೆನ್ಶನ್ ಪ್ರತಿ ಸಲ ಇಳಿದುಬರುತ್ತಿತ್ತು. ಸಿಂಕ್ ನಿಲ್ಲಿಸಿ, ಎಲ್ಲ ಯಂತ್ರಗಳಲ್ಲೂ ಅಳಿಸಿದ ಮೇಲೆಯೇ ಪೀಡೆ ತೊಲಗಿತು. ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್ ಕೂಡ ನೋಡಿ. ಹೊತ್ತು ಗೊತ್ತು ಮಾಡಿ ಪುಟ ತೆರೆಯುವ ಆಜ್ಞೆಗಳು ಅಲ್ಲಿ ಅವಿತಿರುತ್ತವೆ.

ವಿಂಡೋಸ್ ಚಾಲೂ ಇರುವಾಗ ಕೆಲವು ಮಾಲ್‌ವೇರ್ ಸ್ಕ್ಯಾನರಿನ ಕಣ್ಣು ತಪ್ಪಿಸುತ್ತವೆ. ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಸ್ಕ್ಯಾನರಿನ ಆಫ್‌ಲೈನ್ ಸ್ಕ್ಯಾನ್ ಕಂಪ್ಯೂಟರನ್ನು ಮರುಚಾಲನೆ ಮಾಡಿ, ವಿಂಡೋಸ್ ಏಳುವ ಮೊದಲೇ ಹುಡುಕುತ್ತದೆ; ಸುಮಾರು 15 ನಿಮಿಷ ಸಾಕು. ಬ್ಯಾಂಕ್, ಇಮೇಲ್ ಪಾಸ್‌ವರ್ಡ್‌ಗಳನ್ನು ಆ ಕಂಪ್ಯೂಟರಿನಿಂದ ಬದಲಿಸಬೇಡಿ, ಸ್ವಚ್ಛವಾಗಿರುವ ಇನ್ನೊಂದರಿಂದ ಬದಲಿಸಿ. ಇಷ್ಟಾದರೂ ಮತ್ತೆ ಬಂದರೆ ಹಟ ಹಿಡಿಯಬೇಡಿ, ಚಿತ್ರಗಳನ್ನೂ ದಾಖಲೆಗಳನ್ನೂ ಮಾತ್ರ ಉಳಿಸಿಕೊಂಡು ವಿಂಡೋಸನ್ನು ಹೊಸದಾಗಿ ಹಾಕಿ.

ಉತ್ತರ 1 ಬರೆದವರು: ನೆಟ್‌ವರ್ಕ್ ಬಗ್ಗೆ ಹೇಳುವುದು ಮರೆತೆ. ಎರಡೂ ಕಂಪ್ಯೂಟರಿನಲ್ಲಿ ಪ್ರೈವೇಟ್ ನೆಟ್‌ವರ್ಕ್ ಆರಿಸಿ, ಇಡೀ ಡ್ರೈವ್ ಬದಲು ಒಂದೇ ಫೋಲ್ಡರನ್ನು, ಅದೂ ಪಾಸ್‌ವರ್ಡ್ ಇಟ್ಟು, ಹಂಚಿಕೊಳ್ಳಿ. ಅತಿಥಿಗಳ ಮೊಬೈಲಿಗೆ ಗೆಸ್ಟ್ ವೈಫೈ ಕೊಡಿ. ಬ್ಯಾಕಪ್ ಡಿಸ್ಕನ್ನು ಕೆಲಸವಾದ ತಕ್ಷಣ ಕಳಚಿಡಿ. ಜೋಡಿಸಿಯೇ ಇಟ್ಟರೆ ಕಡತಗಳಿಗೆ ಬೀಗ ಜಡಿಯುವ ರಾನ್ಸಮ್‌ವೇರ್ ಅದನ್ನೂ ಬಿಡುವುದಿಲ್ಲ.

ಪ್ರಶ್ನೆ ಕೇಳಿದವರು: ಇಬ್ಬರಿಗೂ ತುಂಬಾ ಧನ್ಯವಾದಗಳು. ಮೊಬೈಲುಗಳಲ್ಲಿ ತೊಂದರೆ ಇಲ್ಲ, ರೂಟರಿನ ಡಿಎನ್‌ಎಸ್ ಕೂಡ ಸರಿಯಾಗಿಯೇ ಇದೆ. ಬ್ರೌಸರಿನಲ್ಲಿ ನಾನೆಂದೂ ಹಾಕಿಕೊಂಡ ನೆನಪಿಲ್ಲದ ‘ಪಿಡಿಎಫ್ ಪರಿವರ್ತಕ’ ಸಿಕ್ಕಿತು. ಸಿಂಕ್ ನಿಲ್ಲಿಸಿ ಅಳಿಸಿದ್ದೇನೆ. ಹತ್ತು ದಿನವಾಯಿತು, ಮರಳಿಲ್ಲ. ರೂಟರಿನ ಪಾಸ್‌ವರ್ಡ್ ಮಾತ್ರ ಚೀಟಿಯಲ್ಲಿದ್ದದ್ದೇ ಇತ್ತು, ಈಗಷ್ಟೇ ಬದಲಿಸಿದೆ.