ಖಂಬಾಟಕಿ ಘಟ್ಟದಲ್ಲಿ ಟರ್ಬೊ ಎಳೆಯುತ್ತಿಲ್ಲ, ಎಂಜಿನ್ ದೀಪ ಹೊತ್ತಿದೆ (ಬಗೆಹರಿದಿದೆ)

ಕಾತ್ರಜ್‌_ಬೆಳಗಾವಿ:
ನಮಸ್ಕಾರ. ಊರು ಬೆಳಗಾವಿ, ಇರುವುದು ಪುಣೆಯಲ್ಲಿ. ಗಾಡಿ ಟರ್ಬೊ ಪೆಟ್ರೋಲ್ ಹ್ಯಾಚ್‌ಬ್ಯಾಕ್, ವಾರಂಟಿ ಮುಗಿದಿದೆ. ಮೂರು ವಾರದ ಹಿಂದೆ ಇಲ್ಲಿಯ ಒಂದು ಪರ್ಫಾರ್ಮೆನ್ಸ್ ಅಂಗಡಿಯಲ್ಲಿ ದೊಡ್ಡ ಇಂಟರ್‌ಕೂಲರ್ (ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಣಿಸುವುದು), ಸಿಲಿಕೋನ್ ಹೋಸ್ ಹಾಕಿಸಿ ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಾವಣೆ) ಮಾಡಿಸಿದೆ. ಮೊನ್ನೆ ಊರಿಗೆ ಹೊರಟಾಗ ಸಾತಾರಾ ದಾರಿಯ ಖಂಬಾಟಕಿ ಏರಿನಲ್ಲಿ ‘ಪುಸ್’ ಎಂಬ ಸದ್ದು. ಆಮೇಲೆ ಎಷ್ಟು ತುಳಿದರೂ ಗಾಡಿ ಲಾರಿಗಳ ಹಿಂದೆಯೇ ಉಳಿಯಿತು. ಸ್ಕ್ಯಾನರ್ ತೋರಿಸಿದ ದೋಷದ ಕೋಡ್ ಪಿ0299. ಅಳಿಸಿದರೂ ಮತ್ತೆ ಬರುತ್ತಿದೆ. ಟರ್ಬೊ ಹೋಯಿತೇ? ಇಷ್ಟು ಖರ್ಚಿನ ಮೇಲೆ ಅದೂ ಹೋದರೆ ಮನೆಯಲ್ಲಿ ಮುಖ ತೋರಿಸುವಂತಿಲ್ಲ.

ಚಿಂಚ್‌ವಡ_ಪಾನಾ:
ಗಾಬರಿ ಬೇಡ ಸರ್. ಪಿ0299 ಎಂದರೆ ಇಸಿಯು (ಎಂಜಿನ್ ಕಂಪ್ಯೂಟರ್) ಕೇಳಿದಷ್ಟು ಬೂಸ್ಟ್, ಅಂದರೆ ಟರ್ಬೊ ಒತ್ತಿ ಕಳಿಸುವ ಗಾಳಿಯ ಒತ್ತಡ, ಸಿಗಲಿಲ್ಲ ಎಂದಷ್ಟೇ. ಹೊಸ ಹೋಸ್ ಹಾಕಿದ ಮೇಲೆ ಶುರುವಾಗಿದ್ದರೆ ಮೊದಲ ಅನುಮಾನ ಸೋರಿಕೆಯ ಮೇಲೆ, ವೇಸ್ಟ್‌ಗೇಟ್ (ಬೂಸ್ಟ್ ಮಿತಿ ಮೀರದಂತೆ ನೋಡುವ ಕವಾಟ) ಆಮೇಲೆ. ನಿಂತಲ್ಲೇ ಎಂಜಿನ್ ಓಡಿಸಿ ಹುಡುಕಿದರೆ ಸಿಗುವುದಿಲ್ಲ. ಆಗ ಆ ಪೈಪಿನಲ್ಲಿ ಒತ್ತಡವೇ ಇರುವುದಿಲ್ಲ. ತಣ್ಣಗಿರುವಾಗ ಹೋಸ್‌ಗಳ ತುದಿಯನ್ನು ಬೆರಳಿನಿಂದ ಸವರಿ ನೋಡಿ, ಎಣ್ಣೆಯಲ್ಲಿ ಧೂಳು ಕಲಸಿದಂಥ ಕಪ್ಪು ಪಸೆ ಹತ್ತಿದರೆ ಅಲ್ಲೇ ಸೋರಿಕೆ. ಆದರೆ ನೀವೇ ಕ್ಲಾಂಪ್ (ಹೋಸನ್ನು ಪೈಪಿಗೆ ಬಿಗಿಹಿಡಿಯುವ ಪಟ್ಟಿ) ಬಿಗಿಯಲು ಹೋಗಬೇಡಿ. ‘ನೀವು ಬಿಚ್ಚಿದ್ದೀರಿ’ ಎಂದುಬಿಟ್ಟರೆ ಮಾತೇ ಮುಗಿಯಿತು. ಮೊದಲು ಅಂಗಡಿಗೆ ಫೋನ್ ಮಾಡಿ. ಅಲ್ಲಿಯವರೆಗೆ ಜೋರಾಗಿ ತುಳಿಯಬೇಡಿ. ಸೋರಿದ್ದನ್ನು ತುಂಬಿಸಲು ಟರ್ಬೊ ಇನ್ನಷ್ಟು ವೇಗವಾಗಿ ತಿರುಗಬೇಕಾಗುತ್ತದೆ.

ಕಾತ್ರಜ್‌_ಬೆಳಗಾವಿ:
ಬಗೆಹರಿಯಿತು. ಹಣ ಕೊಟ್ಟ ಮೇಲೆ ಯಾರು ಕೇಳುತ್ತಾರೆ ಎಂದುಕೊಂಡೇ ಭಾನುವಾರ ಸಂಜೆ ಫೋನ್ ಮಾಡಿದೆ. ಮಾಲೀಕರು ‘ತಂದು ಬಿಡಿ, ನೋಡೋಣ’ ಎನ್ನಲಿಲ್ಲ. ಯಾವ ಗೇರ್, ಎಷ್ಟು ಆರ್‌ಪಿಎಂ, ಸದ್ದು ಮೊದಲೋ ದೀಪ ಮೊದಲೋ ಎಂದು ಕೇಳಿ, ಒಂದು ಲಾಗ್ (ಓಡಿಸುವಾಗಿನ ಅಂಕಿಗಳ ದಾಖಲೆ) ಕಳುಹಿಸಲು ಹೇಳಿದರು. ಅದರಲ್ಲಿ ಇಸಿಯು ಕೇಳಿದ್ದು 1.1 ಬಾರ್, ಸಿಕ್ಕಿದ್ದು 0.6.

ಮರುದಿನ ಸ್ಮೋಕ್ ಟೆಸ್ಟ್. ಗಾಳಿ ಎಳೆಯುವ ಬಾಯಿಗೆ ಮುಚ್ಚಳ ಹಾಕಿ ಹೊಗೆ ಬಿಟ್ಟರು. ಎಡಗಡೆಯ ಹೆಡ್‌ಲ್ಯಾಂಪ್ ಕೆಳಗಿನಿಂದ ಊದುಬತ್ತಿಯದರಂತೆ ಸಣ್ಣ ಎಳೆಯೊಂದು ಮೇಲೆದ್ದಿತು. ಬಂಪರ್ ಬಿಚ್ಚಿದರೆ, ಪೈಪಿನ ಉಬ್ಬು ಅಂಚಿನ ಹಿಂದೆ ಕೂರಬೇಕಿದ್ದ ಕ್ಲಾಂಪ್ ಉಬ್ಬಿನ ಮೇಲೆಯೇ ಕುಳಿತಿದೆ. ಹೋಸ್ ಒಳಗೆ ಎಣ್ಣೆಯ ಪಸೆ ಬೇರೆ. ಜಾರದೆ ಇನ್ನೇನು?

ಮಾಲೀಕರು ಜೋಡಿಸಿದ ಹುಡುಗನನ್ನು ಕರೆದು ತೋರಿಸಿದರು, ಗದರಲಿಲ್ಲ. ನನ್ನತ್ತ ತಿರುಗಿ ‘ಆಮ್ಚೀ ಚೂಕ್’ (ನಮ್ಮದೇ ತಪ್ಪು) ಎಂದರು. ಪುಣೆಯಲ್ಲಿ ಒಂಬತ್ತು ವರ್ಷವಾಯಿತು, ಗ್ಯಾರೇಜಿನಲ್ಲಿ ಈ ಮಾತು ಕೇಳಿದ್ದು ಇದೇ ಮೊದಲು. ಎರಡೂ ತುದಿ ಒರೆಸಿ ಒಣಗಿಸಿ, ಬೋಲ್ಟಿನಿಂದ ಬಿಗಿಸುವ ಗಟ್ಟಿಯಾದ ಟಿ-ಬೋಲ್ಟ್ ಕ್ಲಾಂಪ್ ಹಾಕಿದರು. ಆಮೇಲೆ ಲ್ಯಾಪ್‌ಟಾಪ್ ಹಿಡಿದು ನನ್ನ ಪಕ್ಕ ಕುಳಿತು ಕಾತ್ರಜ್ ಘಟ್ಟದವರೆಗೆ ಬಂದರು. ಕೇಳಿದ್ದು, ಸಿಕ್ಕಿದ್ದು ಎರಡೂ ಗೆರೆ ಜೊತೆಜೊತೆಯಾಗಿ ಏರಿದವು.

ಹುಬ್ಬಳ್ಳಿ_ಇನ್_ಪುಣೆ:
ಬಿಲ್ಲು ಎಷ್ಟಾಯಿತು ಅಣ್ಣಾ? ಅದನ್ನೇ ಬರೆದಿಲ್ಲ.

ಕಾತ್ರಜ್‌_ಬೆಳಗಾವಿ:
ಸೊನ್ನೆ. ಕ್ಲಾಂಪಿನ ದುಡ್ಡನ್ನೂ ತೆಗೆದುಕೊಳ್ಳಲಿಲ್ಲ. ಬಿಸಿಯಾಗಿ ತಣ್ಣಗಾಗಿ ಸಿಲಿಕೋನ್ ಕೂರುತ್ತದೆ, 500 ಕಿ.ಮೀ. ಆದ ಮೇಲೆ ಮತ್ತೆ ಬಿಗಿಸಬೇಕು ಎಂದಿದ್ದರು. ನಾನು ಮರೆತಿದ್ದೆ, ನಿನ್ನೆ ಆ ಹುಡುಗನೇ ಫೋನ್ ಮಾಡಿ ಕರೆದ. ಅರ್ಧ ಸುತ್ತು ಬಿಗಿಯಿತು.